ಸೀಸದ ಸಿಪಾಯಿಗೆ ಗಾಯವಾಗುವುದಿಲ್ಲ

ಉರ್ದುವಿನಲ್ಲಿ ‘ಶೌಕ್’ ಎಂಬ ಪದವಿದೆ. ಮನಸ್ಸು ಒಂದು ವಸ್ತುವಿನ ಮೇಲೆ ನೆಟ್ಟು, ಲಾಭನಷ್ಟದ ಲೆಕ್ಕ ಬಿಟ್ಟು, ವರ್ಷಗಟ್ಟಲೆ ಅದರ ಹಿಂದೆ ಹೋಗುವುದಕ್ಕೆ ಆ ಹೆಸರು. ಪಾರಿವಾಳ ಸಾಕುವುದೂ ಶೌಕ್, ಅತ್ತರು ಕೂಡಿಡುವುದೂ ಶೌಕ್, ಶಾಯರಿ ಬಾಯಿಪಾಠ ಮಾಡುವುದೂ ಶೌಕ್. ಅದೇ ಪದ ಕನ್ನಡಕ್ಕೆ ಬರುವಾಗ ‘ಶೋಕಿ’ಯಾಗಿ ತನ್ನ ಮರ್ಯಾದೆ ಕಳೆದುಕೊಂಡಿತು. ಇಲ್ಲಿ ಅದು ಬರೀ ತೋರಿಕೆ, ದುಂದುವೆಚ್ಚ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನಮಗೆ ಯೂರೋಪಿನ ಒಂದು ಹಳೆಯ ಹವ್ಯಾಸವನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಪದಗಳೂ ಬೇಕಾದವು. ನೆಪೋಲಿಯನ್ ಕಾಲದ ಸೈನಿಕರ ಪುಟ್ಟ ಪುತ್ಥಳಿಗಳನ್ನು ಸಂಗ್ರಹಿಸುವ, ಬಣ್ಣ ಬಳಿಯುವ, ಸಾಲಾಗಿ ನಿಲ್ಲಿಸಿ ನೋಡಿ ಆನಂದಿಸುವ ಹವ್ಯಾಸ ಅದು.

ಸೈನಿಕರ ಪುತ್ಥಳಿ ಮಾಡುವವರು ರೋಮನ್ ಪಡೆಯಿಂದ ಹಿಡಿದು ಎರಡನೇ ಮಹಾಯುದ್ಧದವರೆಗೆ ಎಲ್ಲವನ್ನೂ ಮಾಡಿದ್ದಾರೆ. ಆದರೂ 1815ರ ವಾಟರ್‌ಲೂ ಕದನದಲ್ಲಿ ಮುಗಿದ ಆ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಇವರಿಗೆ ಇರುವ ಮೋಹ ಬೇರೆ ಯಾವ ಕಾಲದ ಮೇಲೂ ಅಷ್ಟಾಗಿ ಇಲ್ಲ. ಕಾರಣ ಸರಳ. ಅಷ್ಟು ಚೆಂದದ ಉಡುಪು ತೊಟ್ಟು ಮನುಷ್ಯರು ಅದಕ್ಕೆ ಮೊದಲೂ ಸತ್ತಿರಲಿಲ್ಲ, ಆಮೇಲೂ ಅಷ್ಟಾಗಿ ಸಾಯಲಿಲ್ಲ. ಕರಡಿ ಚರ್ಮದ ಎತ್ತರದ ಟೋಪಿ, ಅದರ ಮೇಲೆ ಕೆಂಪು ತುರಾಯಿ, ಹಿತ್ತಾಳೆಯ ಗುಂಡಿ, ಜರಿಯ ಪಟ್ಟಿ, ಹೆಗಲಿನಿಂದ ಜೋತುಬಿದ್ದ ತುಪ್ಪಳದ ಅಂಗಿ, ಹೊಳೆಯುವ ಉಕ್ಕಿನ ಎದೆಕವಚ. ಮದುವೆಯ ದಿಬ್ಬಣಕ್ಕೆ ಹೊರಟವರಂತೆ ಯುದ್ಧಕ್ಕೆ ಹೊರಟ ಸೈನ್ಯಗಳವು.

ಈ ಪುತ್ಥಳಿಗಳಿಗೂ ಒಂದು ಇತಿಹಾಸವಿದೆ. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ತವರದ ಕುಶಲಕರ್ಮಿಗಳು ಸ್ಲೇಟುಕಲ್ಲಿನಲ್ಲಿ ಅಚ್ಚು ಕೊರೆದು, ಕಾಗದದಷ್ಟೇ ತೆಳುವಾದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. ಹಿಲ್ಪರ್ಟ್ ಮನೆತನ ಅದರಲ್ಲಿ ಹೆಸರಾದದ್ದು. ಮುಂದೆ ಹೈನ್ರಿಕ್ಸನ್ ಎಂಬವರ ಕಾರ್ಖಾನೆಯಿಂದಾಗಿ 30 ಮಿಲಿಮೀಟರು ಎತ್ತರ ಅಲ್ಲಿನ ವಾಡಿಕೆಯ ಅಳತೆಯಾಯಿತು. ಪ್ಯಾರಿಸ್‌ನಲ್ಲಿ ಲ್ಯೂಕೊಟ್, ಆಮೇಲೆ ಮಿನ್ಯೋ ಎಂಬ ತಯಾರಕರು ದುಂಡನೆಯ, ಗಟ್ಟಿ ಸೀಸದ ಸೈನಿಕರನ್ನು ಮಾಡಿದರು. 1893ರಲ್ಲಿ ಲಂಡನ್ನಿನ ಬ್ರಿಟನ್ ಕುಟುಂಬ ಒಳಗೆ ಟೊಳ್ಳಾದ ಸೈನಿಕನನ್ನು ಎರಕ ಹೊಯ್ಯುವ ಉಪಾಯ ಕಂಡುಹಿಡಿಯಿತು. ಸೀಸ ಉಳಿಯಿತು, ಬೆಲೆ ಇಳಿಯಿತು, ಸಾಮಾನ್ಯರ ಮನೆಯ ಹುಡುಗರ ಕೈಗೂ ಸೈನ್ಯ ಬಂತು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಪ್ಲಾಸ್ಟಿಕ್ ಬಂದಾಗ ಫ್ರಾನ್ಸಿನ ಹಿಸ್ಟೊರೆಕ್ಸ್ ಕಂಪನಿ ನೆಪೋಲಿಯನ್ನನ ಸೈನಿಕನನ್ನು ಬಿಡಿಬಿಡಿ ಭಾಗಗಳಲ್ಲಿ ಕೊಟ್ಟಿತು: ಕೈ ಬೇರೆ, ಚೀಲ ಬೇರೆ, ಕುದುರೆಯ ಜೀನು ಬೇರೆ. ಕೊಂಡವನು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ ತನ್ನ ಸೈನಿಕನನ್ನು ತಾನೇ ಹುಟ್ಟಿಸಬೇಕು.

ಇದನ್ನು ಮಕ್ಕಳಾಟ ಎಂದು ತಳ್ಳಿಹಾಕುವುದು ಅನ್ಯಾಯ. 54 ಮಿಲಿಮೀಟರಿನ, ಅಂದರೆ ಬೆರಳುದ್ದದ ಒಬ್ಬ ಸೈನಿಕನಿಗೆ ಬಣ್ಣ ಹಚ್ಚಲು ಒಬ್ಬ ಹವ್ಯಾಸಿ ವಾರಗಟ್ಟಲೆ ಕೂರುತ್ತಾನೆ. ಇಂಥ ರೆಜಿಮೆಂಟಿನ ಕಾಲರ್ ಯಾವ ಬಣ್ಣದ್ದು, ತೋಳಿನ ಮಡಿಕೆಗೆ ಎಷ್ಟು ಗುಂಡಿ, ತುರಾಯಿ 1807ರಲ್ಲಿ ಹೇಗಿತ್ತು, 1812ರಲ್ಲಿ ಹೇಗಾಯಿತು ಎಂದು ಹಳೆಯ ಚಿತ್ರಗಳನ್ನು, ದಾಖಲೆಗಳನ್ನು ತಡಕುತ್ತಾನೆ. ಲೂಸಿಯೆನ್ ರೂಸೆಲೊ ಎಂಬ ಫ್ರೆಂಚ್ ಚಿತ್ರಕಾರ ತನ್ನ ಬಾಳಿನ ಬಹುಭಾಗವನ್ನು ಈ ಸಮವಸ್ತ್ರಗಳನ್ನು ಶೋಧಿಸಿ ಬರೆಯುವುದಕ್ಕೇ ಕೊಟ್ಟ. ಇದು ಶೋಕಿಯಲ್ಲ, ಶೌಕ್.

ಈ ಶೌಕ್ ಕೆಲವೊಮ್ಮೆ ನಿಜವಾದ ಚರಿತ್ರೆಯ ಬಾಗಿಲನ್ನೂ ತೆರೆಯುತ್ತದೆ. ಫ್ರೆಂಚ್ ಕಾಲಾಳುಗಳ ಕೋಟು ನೀಲಿ ಎಂಬುದು ಎಲ್ಲರಿಗೂ ಗೊತ್ತು. ಆದರೆ 1806-07ರ ಸುಮಾರಿಗೆ ಕೆಲವು ರೆಜಿಮೆಂಟುಗಳಿಗೆ ಬಿಳಿ ಕೋಟು ಕೊಟ್ಟರು ಎಂಬುದು ಸಂಗ್ರಾಹಕರಿಗೆ ಗೊತ್ತು. ಯಾಕೆ ಬಿಳಿ ಎಂದು ಕೇಳಿದರೆ ಉತ್ತರ ಸಮುದ್ರದ ಮೇಲಿದೆ. ಆ ನೀಲಿ ಬರುತ್ತಿದ್ದದ್ದು ನೀಲಿಗಿಡದಿಂದ. ಆ ಬಣ್ಣವನ್ನು ಗುಲಾಮರ ದುಡಿಮೆಯಿಂದ ಫ್ರಾನ್ಸಿಗೆ ಕೊಡುತ್ತಿದ್ದ ಸೇಂಟ್ ಡೊಮಿಂಗ್ ದ್ವೀಪ ದಂಗೆಯೆದ್ದು 1804ರಲ್ಲಿ ಸ್ವತಂತ್ರ ಹೈಟಿಯಾಗಿತ್ತು. ಬಂಗಾಳದ ನೀಲಿ ಇಂಗ್ಲಿಷರ ಕೈಯಲ್ಲಿತ್ತು. ಸಮುದ್ರವೂ ಅವರದೇ. ಹೀಗಾಗಿ ಚಕ್ರವರ್ತಿಯ ಸೈನಿಕನಿಗೆ ಬಣ್ಣಕ್ಕೆ ಬರ ಬಂತು. ಬಿಳಿ ಕೋಟು ಬೇಗ ಕೊಳೆಯಾಗುತ್ತಿತ್ತು, ರಕ್ತದ ಕಲೆ ಎದ್ದು ಕಾಣುತ್ತಿತ್ತು. ಆ ಪ್ರಯೋಗ ಬಹುಕಾಲ ಉಳಿಯಲಿಲ್ಲ. ಒಂದು ಪುತ್ಥಳಿಯ ಕೋಟಿನಿಂದ ಹೊರಟವನು ಹೈಟಿಯ ಗುಲಾಮರ ತನಕ, ಬಂಗಾಳದ ರೈತನ ತನಕ ಹೋಗಿಬರಬಹುದು ಎಂದರೆ ಆ ಹವ್ಯಾಸವನ್ನು ನಾವು ಗೌರವಿಸಲೇಬೇಕು.

ಆದರೆ ಎಷ್ಟು ಜನ ಅಷ್ಟು ದೂರ ಹೋಗುತ್ತಾರೆ? ಈ ಕಲೆಯ ಬಗ್ಗೆ ನಮ್ಮ ತಕರಾರು ಶುರುವಾಗುವುದೇ ಇಲ್ಲಿಂದ. ಈ ಹವ್ಯಾಸದಲ್ಲಿ ‘ಸತ್ಯ’ ಎಂದರೆ ಗುಂಡಿಯ ಸತ್ಯ. ತೋಳಿನ ಮಡಿಕೆಗೆ ಒಂದು ಗುಂಡಿ ಕಡಿಮೆಯಾದರೆ ಪುತ್ಥಳಿ ಸುಳ್ಳಾಗುತ್ತದೆ. ಆದರೆ ಅದನ್ನು ತೊಟ್ಟವನ ಹೊಟ್ಟೆ ಮೂರು ದಿನದಿಂದ ಖಾಲಿ ಎಂಬುದು ಕಾಣದಿದ್ದರೆ ಯಾರಿಗೂ ಸುಳ್ಳೆನಿಸುವುದಿಲ್ಲ.

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ 2001ರಲ್ಲಿ ಹಳೆಯ ಸೋವಿಯತ್ ಸೇನಾವಸತಿಯ ಜಾಗದಲ್ಲಿ ನೆಲ ಅಗೆಯುವಾಗ ಒಂದು ಸಾಮೂಹಿಕ ಗೋರಿ ಸಿಕ್ಕಿತು. ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳು. ಮೊದಲು ಅವು ಸ್ಟಾಲಿನ್ ಕಾಲದ ಕೊಲೆಗಳಿರಬಹುದೇ ಎಂದು ಜನ ಅನುಮಾನಿಸಿದರು. ಅನುಮಾನ ಬಗೆಹರಿಸಿದ್ದು ಗುಂಡಿಗಳು. ರೆಜಿಮೆಂಟಿನ ಸಂಖ್ಯೆ ಕೆತ್ತಿದ ಕೋಟಿನ ಗುಂಡಿಗಳಿಂದ ಇವರು 1812ರ ಡಿಸೆಂಬರಿನಲ್ಲಿ ರಷ್ಯಾದಿಂದ ಹಿಂತಿರುಗಿ ಬರುತ್ತಾ ಸತ್ತ ನೆಪೋಲಿಯನ್ನನ ಸೈನಿಕರೆಂದು ತಿಳಿಯಿತು. ಹೆಚ್ಚಿನವರು ಹರೆಯದವರು. ಜೊತೆಗೆ ಕೆಲವು ಹೆಂಗಸರೂ ಇದ್ದರು. ಗುಂಡೇಟಿನಿಂದ ಸತ್ತವರಿಗಿಂತ ಚಳಿ, ಹಸಿವು, ರೋಗದಿಂದ ಸತ್ತವರೇ ಬಹಳ. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೇನುಗಳಿಂದ ಹರಡುವ ಜ್ವರಗಳ ಕುರುಹು ಸಿಕ್ಕಿತ್ತು. 2025ರಲ್ಲಿ ಪ್ಯಾರಿಸ್‌ನ ಪ್ಯಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಹದಿಮೂರು ಸೈನಿಕರ ಹಲ್ಲುಗಳನ್ನು ಪರೀಕ್ಷಿಸಿ, ಪ್ಯಾರಾಟೈಫಾಯ್ಡ್ ಮತ್ತು ಮರುಕಳಿಸುವ ಜ್ವರದ ರೋಗಾಣುಗಳನ್ನು ಗುರುತಿಸಿದರು.

ಕನ್ನಡದಲ್ಲಿ ಅಂಗಿಯ ಗುಂಡಿಗೂ ನೆಲದ ಗುಂಡಿಗೂ ಒಂದೇ ಹೆಸರು. ಹವ್ಯಾಸಿಯ ಮೇಜಿನ ಮೇಲೆ ಮೊದಲನೆಯದು ಮಾತ್ರ ಇದೆ. ರಷ್ಯಾದಿಂದ ಹಿಮ್ಮೆಟ್ಟುವ ದೃಶ್ಯವನ್ನು ಮಾಡುವವರೂ ಇದ್ದಾರೆ ಎಂಬುದು ನಿಜ. ಹಿಮ, ಹರಿದ ಕೋಟು, ಕಾಲಿಗೆ ಸುತ್ತಿದ ಚಿಂದಿ ಎಲ್ಲವನ್ನೂ ಅವರು ನಾಜೂಕಾಗಿ ಮಾಡುತ್ತಾರೆ. ಆದರೆ ಅಲ್ಲಿ ಚಿಂದಿಯೂ ಒಂದು ಕುಸುರಿ ಕೆಲಸವಾಗುತ್ತದೆ. ನೋಡುವವನು ‘ಪಾಪ’ ಎನ್ನುವ ಮೊದಲು ‘ವಾಹ್’ ಎನ್ನುತ್ತಾನೆ. ಕಥೆ ಬರೆಯುವ ನಮಗೂ ಈ ಅಪಾಯ ಹೊಸದಲ್ಲ. ಬಡತನವನ್ನು ಚೆನ್ನಾಗಿ ವರ್ಣಿಸಿದಾಗ ಓದುಗ ವರ್ಣನೆಯನ್ನು ಹೊಗಳಿ ಬಡವನನ್ನು ಮರೆತುಬಿಡುತ್ತಾನೆ.

ಇನ್ನೊಂದು ಪ್ರಶ್ನೆ ಇದೆ. ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರು ಯಾರು? ಇದಕ್ಕೆ ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಕತೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1830ರಲ್ಲಿ ಸೇನೆಯ ಮೇಲಿನವರು ಅವನಿಗೆ ವಾಟರ್‌ಲೂ ರಣರಂಗದ ಮಾದರಿ ಮಾಡಲು ಹೇಳಿದರು. ಅವನು ಯುದ್ಧ ನಡೆದ ಜಾಗದ ಲಾ ಹೇ ಸೇಂಟ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು ನೆಲವನ್ನು ಅಳೆದ. ಬದುಕಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ಆ ಸಂಜೆ ಏಳರ ಹೊತ್ತಿಗೆ ನಿಮ್ಮ ತುಕಡಿ ಎಲ್ಲಿತ್ತು, ಎದುರಿಗೆ ಏನು ಕಂಡಿರಿ, ಹೊಲದಲ್ಲಿ ಬೆಳೆ ಹೇಗಿತ್ತು ಎಂದು ಕೇಳಿದ. ನೂರಾರು ಉತ್ತರಗಳು ಬಂದವು. ಸರ್ಕಾರ ಹಣ ನಿಲ್ಲಿಸಿದ ಮೇಲೆ ಸ್ವಂತ ಖರ್ಚಿನಲ್ಲಿ, ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು. ಸುಮಾರು 27 ಅಡಿ ಉದ್ದ, 20 ಅಡಿ ಅಗಲದ ಆ ಮಾದರಿಯ ಮೇಲೆ ಸುಮಾರು 75 ಸಾವಿರ ಪುಟ್ಟ ಸೈನಿಕರಿದ್ದಾರೆ. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ.

ತಕರಾರು ಬಂದದ್ದು ಪ್ರಶ್ಯನ್ನರ ವಿಷಯದಲ್ಲಿ. ಸೈಬೋರ್ನನ ಶೋಧನೆಯಂತೆ, ನಿರ್ಣಾಯಕ ಗಳಿಗೆಯಲ್ಲಿ ಬ್ಲೂಖರನ ಪ್ರಶ್ಯನ್ ಸೈನ್ಯ ದೊಡ್ಡ ಸಂಖ್ಯೆಯಲ್ಲಿ ರಣರಂಗದ ಮೇಲಿತ್ತು. ಹಾಗಾದರೆ ಗೆಲುವು ವೆಲ್ಲಿಂಗ್ಟನ್ ಒಬ್ಬನದೇ ಅಲ್ಲ. ಡ್ಯೂಕ್ ವೆಲ್ಲಿಂಗ್ಟನ್ ಆಗ ಇಂಗ್ಲೆಂಡಿನ ಮಹಾಪುರುಷ. ಅವನ ಕಡೆಯವರಿಗೆ ಇದು ಹಿಡಿಸಲಿಲ್ಲ. ಕೊನೆಗೆ ಸೈಬೋರ್ನ್ ಸುಮಾರು 40 ಸಾವಿರ ಪ್ರಶ್ಯನ್ ಪುತ್ಥಳಿಗಳನ್ನು ಮಾದರಿಯಿಂದ ತೆಗೆದ ಎಂದು ಹೇಳಲಾಗುತ್ತದೆ. ಪೀಟರ್ ಹೋಫ್‌ಷ್ರೋಯರ್ 2004ರಲ್ಲಿ ಈ ಕುರಿತೇ ಒಂದು ಪುಸ್ತಕ ಬರೆದು ವೆಲ್ಲಿಂಗ್ಟನ್ನನ ಮೇಲೆ ಆರೋಪ ಹೊರಿಸಿದರು. ಅದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಯಾರ ಮಾತು ಸರಿ ಎಂಬುದು ಏನೇ ಇರಲಿ, ಒಂದು ವಿಷಯ ಸ್ಪಷ್ಟ. ಮೇಜಿನ ಮೇಲಿನ ಸೀಸದ ಚೂರನ್ನು ಇಡುವುದು, ತೆಗೆಯುವುದು ಕೂಡಾ ಅಧಿಕಾರದ ಪ್ರಶ್ನೆಯೇ. ಸೈಬೋರ್ನನ ಪತ್ರಗಳು ಹೋದದ್ದು ಅಧಿಕಾರಿಗಳಿಗೆ. ಬಂದೂಕು ಹೊತ್ತ ಸಾಮಾನ್ಯ ಸಿಪಾಯಿಯ ನೆನಪನ್ನು ಹಾಗೆ ಕೇಳಿಸಿಕೊಂಡವರಿಲ್ಲ.

ಇದೇ ವೆಲ್ಲಿಂಗ್ಟನ್ ನಮ್ಮ ನೆಲಕ್ಕೂ ಗೊತ್ತಿದ್ದವನು. ಆಗ ಅವನ ಹೆಸರು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಸುಲ್ತಾನನಿಗೆ ಪತ್ರ ಬರೆದ. ಪತ್ರ ಕೆಂಪು ಸಮುದ್ರದ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಾ ಮಡಿದ. ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂತು. ಅವನು ವಾಸಕ್ಕೆ ಆರಿಸಿಕೊಂಡದ್ದು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ತುಕಡಿಯನ್ನು ನುಚ್ಚುನೂರು ಮಾಡಿದ ಕದನ ಅದು. ಕೆಟ್ಟುಹೋಗಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ಸರಿಪಡಿಸಿಸಿದ. ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಅದನ್ನು ಮತ್ತೆ ಬರೆಸಿದರು.

ಆ ಗೋಡೆಯ ಮುಂದೆ ನಿಂತವರಿಗೆ ಸೀಸದ ಸಿಪಾಯಿಗಳ ನೆನಪು ಬರದಿರದು. ಕೆಂಪು ಕೋಟಿನವರು ಒಬ್ಬರಂತೆ ಒಬ್ಬರು, ಸಾಲುಸಾಲಾಗಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತೆ ನಿಂತಿದ್ದಾರೆ. ಆದರೆ ಅಲ್ಲಿ ಕಡಿದ ತಲೆಗಳಿವೆ, ಉರುಳಿದ ದೇಹಗಳಿವೆ, ಪಲ್ಲಕ್ಕಿಯಲ್ಲಿ ಗಾಯಾಳು ಬೇಲಿ ಇದ್ದಾನೆ. ಅದೂ ಗೆದ್ದವರ ಚಿತ್ರವೇ. ಶತ್ರುವನ್ನು ಹಂಗಿಸಲೆಂದೇ ಬರೆಸಿದ್ದು. ಆದರೂ ಯುದ್ಧ ಎಂದರೆ ಮೈ ಕಡಿಯುವ ಕೆಲಸ ಎಂಬುದನ್ನು ಅದು ಬಚ್ಚಿಟ್ಟಿಲ್ಲ. ಸೋಲಿನ ಚಿತ್ರವನ್ನು ಉಳಿಸಿದ ಮನುಷ್ಯನೇ ಗೆಲುವಿನ ಮಾದರಿಯ ಬಗ್ಗೆ ಅಷ್ಟು ಬಿಗಿಯಾದ ಎಂಬುದು ಯೋಚಿಸಬೇಕಾದ ವಿಷಯ. ಸೋತವರು ಬಲವಾಗಿದ್ದರೆಂದು ತೋರಿಸಿದಷ್ಟೂ ಅವರನ್ನು ಮುಂದೆ ಗೆದ್ದವನ ಬೆಲೆ ಏರುತ್ತದೆ. ಗೆಲುವನ್ನು ಹಂಚಿಕೊಳ್ಳುವಾಗ ಮಾತ್ರ ಬೆಲೆ ಇಳಿಯುತ್ತದೆ.

ಇನ್ನು ಮಾಮ್ಲೂಕರ ಮಾತು. ನೆಪೋಲಿಯನ್ ಕಾಲದ ಪುತ್ಥಳಿಗಳಲ್ಲಿ ಸಂಗ್ರಾಹಕರು ಬಹಳ ಇಷ್ಟಪಡುವ ಸೈನಿಕರಲ್ಲಿ ಚಕ್ರವರ್ತಿಯ ಅಂಗರಕ್ಷಕ ಪಡೆಯ ಮಾಮ್ಲೂಕನೂ ಒಬ್ಬ. ತಲೆಗೆ ಮುಂಡಾಸು, ದೊಗಲೆ ಕೆಂಪು ಷರಾಯಿ, ಬಾಗಿದ ತಲವಾರು, ಸೊಂಟದಲ್ಲಿ ಪಿಸ್ತೂಲು, ಅರಬ್ಬೀ ಕುದುರೆ. ಬಣ್ಣ ಹಚ್ಚುವವನಿಗೆ ಇದೊಂದು ಹಬ್ಬ. 1798ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ ನೆಪೋಲಿಯನ್ ಅಲ್ಲಿನ ಮಾಮ್ಲೂಕ್ ಪ್ರಭುಗಳನ್ನು ಸೋಲಿಸಿದ, ಅವರ ಉಡುಪಿಗೆ ಮನಸೋತ. ಅದೇ ವರ್ಷದ ಅಕ್ಟೋಬರಿನಲ್ಲಿ ಕೈರೋ ಜನ ದಂಗೆಯೆದ್ದಾಗ ಅವನ ಸೈನಿಕರು ಕುದುರೆಗಳ ಸಮೇತ ಅಲ್ ಅಝ್‌ಹರ್ ಮಸೀದಿಯೊಳಗೆ ನುಗ್ಗಿದರು. ಕೈರೋದ ವಿದ್ವಾಂಸ ಅಲ್ ಜಬರ್ತಿ ಆ ದಿನಗಳನ್ನು ಕಂಡು ಬರೆದಿಟ್ಟಿದ್ದಾರೆ. 1799ರಲ್ಲಿ ಜಾಫಾದಲ್ಲಿ ಶರಣಾದ ಸಾವಿರಾರು ಕೈದಿಗಳನ್ನು ಅವನ ಆಜ್ಞೆಯಂತೆ ಕೊಂದರು. ಪ್ರದರ್ಶನದ ಕಪಾಟುಗಳಲ್ಲಿ ಪಿರಮಿಡ್ಡುಗಳ ಕದನವನ್ನು ಕಾಣಬಹುದು; ಜಾಫಾದ ಕಡಲತೀರಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ.

1801ರಲ್ಲಿ ಫ್ರೆಂಚರು ಈಜಿಪ್ಟ್ ಬಿಟ್ಟಾಗ ಅವರ ಕಡೆ ಸೇರಿದ್ದ ಕೆಲವು ನೂರು ಜನ ಪ್ರಾಣಭಯದಿಂದ ಅವರ ಜೊತೆಗೇ ಹೊರಟರು. ಅವರಲ್ಲಿ ಕಾಪ್ಟರು, ಸಿರಿಯನ್ನರು, ಜಾರ್ಜಿಯನ್ನರು, ಆರ್ಮೇನಿಯನ್ನರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದರು. ಅವರಿಂದ ಆಯ್ದವರ ತುಕಡಿಗೆ ‘ಮಾಮ್ಲೂಕ್’ ಎಂಬ ಒಂದೇ ಹೆಸರಿಟ್ಟರು. ನೆಪೋಲಿಯನ್ನನ ಬಾಗಿಲು ಕಾಯುತ್ತಿದ್ದ ಪ್ರಸಿದ್ಧ ‘ಮಾಮ್ಲೂಕ’ ರುಸ್ತುಮ್ ಕೂಡ ಟಿಬಿಲಿಸಿಯ ಆರ್ಮೇನಿಯನ್. ವರ್ಷಗಳು ಕಳೆದಂತೆ ಸತ್ತವರ ಜಾಗಕ್ಕೆ ಫ್ರೆಂಚ್ ಹುಡುಗರು ಬಂದರು. ಮುಂಡಾಸು, ಷರಾಯಿ ಹಾಗೆಯೇ ಉಳಿದವು. ಮನುಷ್ಯ ಬದಲಾದರೂ ವೇಷ ಬದಲಾಗಲಿಲ್ಲ. ಪೂರ್ವದ ಮನುಷ್ಯನೆಂದರೆ ಪಶ್ಚಿಮಕ್ಕೆ ಆಗಲೂ ಒಂದು ಪೋಷಾಕು.

ಆ ಪೋಷಾಕಿನ ಬೆಲೆ ತೆತ್ತವರು ಮಾತ್ರ ನಿಜವಾದ ಮನುಷ್ಯರು. 1808ರ ಮೇ 2ರಂದು ಮ್ಯಾಡ್ರಿಡ್ ಜನರ ದಂಗೆಯನ್ನು ಅಡಗಿಸಲು ಇವರನ್ನು ಮುಂದೆ ಬಿಟ್ಟರು. ಸ್ಪೇನಿನ ಜನರಿಗೆ ಕಂಡದ್ದು ನೆಪೋಲಿಯನ್ನನ ಸೈನಿಕನಲ್ಲ, ಹಳೆಯ ಶತ್ರು ‘ಮೂರ್’. ಗೋಯಾ 1814ರಲ್ಲಿ ಬರೆದ ಚಿತ್ರದಲ್ಲಿ ಕುದುರೆಯಿಂದ ಕೆಳಕ್ಕೆ ಜಾರುತ್ತಿರುವ ಮಾಮ್ಲೂಕನಿಗೆ ಚೂರಿ ಹಾಕುತ್ತಿರುವುದನ್ನು ಇಂದಿಗೂ ಪ್ರಾಡೊ ಮ್ಯೂಸಿಯಮ್ಮಿನಲ್ಲಿ ನೋಡಬಹುದು. 1815ರ ಜೂನ್‌ನಲ್ಲಿ ವಾಟರ್‌ಲೂ ಸೋಲಿನ ಸುದ್ದಿ ತಲುಪಿದಾಗ ಮಾರ್ಸೇಲ್ಸ್ ಪಟ್ಟಣದಲ್ಲಿ ರಾಜನ ಕಡೆಯ ಗುಂಪುಗಳು ನೆಪೋಲಿಯನ್ ಬೆಂಬಲಿಗರ ಮೇಲೆ ಬಿದ್ದವು. ಅಲ್ಲಿ ನೆಲೆಸಿದ್ದ ಈಜಿಪ್ಟಿನ ನಿರಾಶ್ರಿತರನ್ನು ಹುಡುಕಿ ಹುಡುಕಿ ಕೊಂದರು. ಹದಿನಾಲ್ಕು ವರ್ಷ ಅದೇ ಊರಿನ ಬೀದಿಗಳಲ್ಲಿ ಬದುಕಿದವರು ಒಂದು ದಿನ ತಮ್ಮ ಉಡುಪು, ಮೈಬಣ್ಣಗಳಿಂದ ಗುರುತಿಸಲ್ಪಟ್ಟು ಸತ್ತರು. ಗುಜರಾತಿನ 2002ರ ನಂತರ ಬದುಕುತ್ತಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕುದುರೆ ಏರಿದ ಮಾಮ್ಲೂಕ ಕಪಾಟಿನಲ್ಲಿದ್ದಾನೆ. ಮಾರ್ಸೇಲ್ಸಿನ ಬೀದಿಯಲ್ಲಿ ಓಡುತ್ತಿರುವ ಮಾಮ್ಲೂಕನಿಗೆ ಅಚ್ಚು ಕೊರೆದವರನ್ನು ನಾವು ಕಂಡಿಲ್ಲ.

ಆಟದ ನಿಯಮಗಳೂ ಹೀಗೆಯೇ. ಚರ್ಚಿಲ್ ತನ್ನ ಬಾಲ್ಯದ ಬಗ್ಗೆ 1930ರಲ್ಲಿ ಬರೆದ ಪುಸ್ತಕದಲ್ಲಿ, ತನ್ನ ಬಳಿ ಸುಮಾರು 1500 ಆಟದ ಸೈನಿಕರಿದ್ದರು, ಎಲ್ಲರೂ ಬ್ರಿಟಿಷರು ಎನ್ನುತ್ತಾನೆ. ತಮ್ಮನ ಪಾಲಿಗೆ ಬಿಟ್ಟದ್ದು ಕರಿಯ ಬಣ್ಣದ ಪಡೆಗಳನ್ನು, ಅವಕ್ಕೆ ಫಿರಂಗಿ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮದೊಂದಿಗೆ. ಮುಂದೆ ಸಾಮ್ರಾಜ್ಯವನ್ನು ನಡೆಸಿದವನು ನೆಲದ ಮೇಲೆ ಕೂತು ಕಲಿತ ಮೊದಲ ಪಾಠ ಇದು. ಎಚ್. ಜಿ. ವೆಲ್ಸ್ 1913ರಲ್ಲಿ ಆಟದ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕ ಬರೆದು, ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು ಎಂದು ವಾದಿಸಿದ. ಮಾತು ಸರಿಯೇ. ಆದರೆ ಮುಂದಿನ ವರ್ಷವೇ ಮಹಾಯುದ್ಧ ಬಂತು. ಆಟ ಯಾವ ಯುದ್ಧವನ್ನೂ ತಡೆಯಲಿಲ್ಲ.

ಇದೇ ಗೊಂಬೆಗಳಿಂದ ಬೇರೆ ದಾರಿಯೂ ಹೊರಟದ್ದುಂಟು. 1826ರ ಜೂನ್‌ನಲ್ಲಿ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಲೀಡ್ಸ್ ಪೇಟೆಯಿಂದ ಮಗನಿಗೆ ಹನ್ನೆರಡು ಮರದ ಸೈನಿಕರ ಪೆಟ್ಟಿಗೆ ತಂದ. ಮಗಳು ಶಾರ್ಲಟ್ ಒಬ್ಬನನ್ನು ಎತ್ತಿಕೊಂಡು ವೆಲ್ಲಿಂಗ್ಟನ್ ಎಂದಳು, ಮಗ ಬ್ರಾನ್ವೆಲ್ ತನ್ನವನನ್ನು ಬೋನಪಾರ್ಟ್ ಎಂದ. ಆ ಸೈನಿಕರು ಮಾತಾಡಲು ಶುರುಮಾಡಿದರು, ಅವರಿಗೊಂದು ದೇಶ ಬಂತು, ಜಗಳ, ಪ್ರೇಮ, ಪತ್ರಿಕೆ ಎಲ್ಲ ಬಂದವು. ಮುಂದೆ ‘ಜೇನ್ ಏರ್’ ಬರೆದ ಕೈ ಪಳಗಿದ್ದು ಅಲ್ಲಿ. ಆ ಮಕ್ಕಳೂ ತಮ್ಮ ರಾಜ್ಯವನ್ನು ಆಫ್ರಿಕಾದ ನೆಲ ಕಿತ್ತುಕೊಂಡೇ ಕಟ್ಟಿದರು ಎಂಬುದನ್ನು ಮರೆಯುವಂತಿಲ್ಲ. ಆದರೂ ಅವರು ಗುಂಡಿ ಎಣಿಸುತ್ತಾ ಕೂರಲಿಲ್ಲ. ಗೊಂಬೆಗೆ ಮನಸ್ಸು ಕೊಟ್ಟರು.

ಪುತ್ಥಳಿ ಎರಕ ಹೊಯ್ದ ಕೈಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಹತ್ತೊಂಬತ್ತನೇ ಶತಮಾನದ ನ್ಯೂರೆಂಬರ್ಗಿನಲ್ಲಿ ಚಪ್ಪಟೆ ಸೈನಿಕರಿಗೆ ಮನೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದವರು ಬಡ ಹೆಂಗಸರು ಮತ್ತು ಮಕ್ಕಳು. ನಮ್ಮ ಕಡೆ ಬೀಡಿ ಕಟ್ಟುವವರಂತೆ ಕೆಲಸದ ಲೆಕ್ಕಕ್ಕೆ ಕೂಲಿ. ಇಂದು ಚೀನಾದಲ್ಲಿ, ಶ್ರೀಲಂಕಾದಲ್ಲಿ ಅಂಥ ಕೆಲಸ ನಡೆಯುತ್ತದೆ. ನೆಪೋಲಿಯನ್ನನ ಸೈನಿಕನ ಕಣ್ಣರೆಪ್ಪೆಯನ್ನು ಬರೆದ ಹೆಂಗಸಿನ ಹೆಸರು ಯಾವ ಕ್ಯಾಟಲಾಗಿನಲ್ಲೂ ಬರುವುದಿಲ್ಲ.

ಇಷ್ಟೆಲ್ಲ ಹೇಳಿ ಯೂರೋಪಿನವರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಾವೂ ಗೊಂಬೆ ಮಾಡುವವರೇ. ಟಿಪ್ಪುಸುಲ್ತಾನನನ್ನು ನೋಡಿ. ಅಂಗಡಿಯ ಕ್ಯಾಲೆಂಡರಿನಲ್ಲಿ, ಮೆರವಣಿಗೆಯ ಸ್ತಬ್ಧಚಿತ್ರದಲ್ಲಿ, ಬ್ಯಾನರಿನಲ್ಲಿ ಹುಲಿಪಟ್ಟೆಯ ಪೋಷಾಕು, ಕೈಯಲ್ಲಿ ಖಡ್ಗ. ಒಬ್ಬರಿಗೆ ಅವನು ಪೂಜೆಯ ಗೊಂಬೆ, ಇನ್ನೊಬ್ಬರಿಗೆ ಸುಡುವ ಗೊಂಬೆ. ರೇಷ್ಮೆ ಬೆಳೆಸಿದ, ಕಂದಾಯದ ನಿಯಮ ಬರೆಸಿದ, ಕನಸುಗಳನ್ನು ಬರೆದಿಟ್ಟ, ಮೈಸೂರಿನ ಮೂರನೇ ಯುದ್ಧದ ನಂತರ ಎರಡು ಮಕ್ಕಳನ್ನು ಒತ್ತೆಯಿಟ್ಟ, ಕಠಿಣ ಶಿಕ್ಷೆಗಳನ್ನೂ ಕೊಟ್ಟ ಆ ಮನುಷ್ಯನನ್ನು ಇಡಿಯಾಗಿ ನೋಡಲು ಎರಡೂ ಕಡೆಯವರಿಗೆ ಪುರುಸೊತ್ತಿಲ್ಲ. ಅವನ ಜೊತೆ ಕೋಟೆಯ ಬಾಗಿಲಲ್ಲಿ ಸತ್ತ ಸಾವಿರಾರು ಸಿಪಾಯಿಗಳ ಹೆಸರು ನಮಗೂ ಗೊತ್ತಿಲ್ಲ. ಅವರಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದರು. ನಮ್ಮ ಸ್ತಬ್ಧಚಿತ್ರದಲ್ಲೂ ಅವರಿಗೆ ಅಚ್ಚಿಲ್ಲ.

ಹಾಗಾದರೆ ಈ ಪುತ್ಥಳಿಗಳನ್ನು ಏನು ಮಾಡಬೇಕು? ಕಪಾಟು ಮುಚ್ಚಿ ಎಂದು ನಾವು ಹೇಳುವುದಿಲ್ಲ. ಇಷ್ಟು ತಾಳ್ಮೆಯ, ಇಷ್ಟು ಪ್ರೀತಿಯ ಕೆಲಸವನ್ನು ಹೀಗಳೆಯುವುದು ಕಲೆಗೆ ಬೆನ್ನು ತಿರುಗಿಸಿದಂತೆ. ನಾವು ಕೇಳುವುದು ಇಷ್ಟೇ. ಕೋಟಿನ ಗುಂಡಿಗೆ ತೋರಿಸುವ ಪ್ರಾಮಾಣಿಕತೆಯನ್ನು ಕೋಟು ತೊಟ್ಟವನಿಗೂ ತೋರಿಸಿ. ಸಾವಿರ ಸೈನಿಕರ ನಡುವೆ ವಿಲ್ನಿಯಸ್‌ನಲ್ಲಿ ಜ್ವರದಿಂದ ನಡುಗುತ್ತಿರುವ ಒಬ್ಬ ಹುಡುಗನಿರಲಿ. ಸೈಬೋರ್ನನ ಮಾದರಿಯಿಂದ ತೆಗೆದ ಪ್ರಶ್ಯನ್ನರ ಜಾಗ ಖಾಲಿಯಾಗಿಯೇ ಕಾಣಲಿ, ಯಾಕೆ ಖಾಲಿ ಎಂದು ಪಕ್ಕದಲ್ಲಿ ಬರೆದಿರಲಿ. ಕುದುರೆ ಏರಿದ ಮಾಮ್ಲೂಕನ ಹಿಂದೆ, ಮಾರ್ಸೇಲ್ಸಿನ ಮನೆಯೊಂದರಲ್ಲಿ ಬಾಗಿಲಿಗೆ ಅಗುಳಿ ಹಾಕಿ ಮಕ್ಕಳನ್ನು ಅವುಚಿಕೊಂಡು ಕೂತ ಅವನ ಹೆಂಡತಿಯೂ ಇರಲಿ.

ಅಂಥ ಪುತ್ಥಳಿಯನ್ನು ಕೊಳ್ಳುವವರು ಕಡಿಮೆಯಾಗಬಹುದು. ಆದರೆ ಅದನ್ನು ಮಾಡಿದವನ ಕೆಲಸವನ್ನು ಯಾರೂ ಶೋಕಿ ಎನ್ನಲಾರರು.